ಯಾವ ಕಡೆಗೆ ಸುತ್ತುತ್ತದೆ ಎಂದು ಕೇಳಿದ್ದಕ್ಕೆ

ಮಾಳಿಗೆಯ ಮೇಲಿರುವ ನಮ್ಮ ಮನೆಯವರಿಗೆ,

ಕೆಳಗಿನಿಂದ ನಿಮ್ಮ ಹೆಂಡತಿ ಬರೆಯುವುದು. ಈ ಕಾಗದ ನಿಮ್ಮ ಮಧ್ಯಾಹ್ನದ ಊಟದ ತಟ್ಟೆಯ ಅಡಿಯಲ್ಲಿದೆ. ಮೊದಲು ಉಂಡುಬಿಡಿ, ಆಮೇಲೆ ಓದಿ. ಓದಿದ ಮೇಲೆ ಊಟ ಸೇರುವುದಿಲ್ಲ. ಈ ಮನೆಯಲ್ಲಿ ಹಾರುವ ತಟ್ಟೆ ಅಂತ ಇರುವುದು ಇದೊಂದೇ. ಸೊಸೆ ಬುಟ್ಟಿಯಲ್ಲಿಟ್ಟು ಹಗ್ಗ ಎಳೆದರೆ ಮೇಲಕ್ಕೆ ಹೋಗುತ್ತದೆ, ನೀವು ಖಾಲಿ ಮಾಡಿದ ಮೇಲೆ ಕೆಳಕ್ಕೆ ಬರುತ್ತದೆ. ಇದನ್ನು ನಡೆಸುವವರು ಯಾರು, ಇದಕ್ಕೆ ಬಲ ಎಲ್ಲಿಂದ ಬರುತ್ತದೆ ಎಂದು ಹಾರುವ ತಟ್ಟೆಗಾಗಿ ಆಕಾಶ ಕಾಯುವ ನಿಮ್ಮ ಸಭೆಯಲ್ಲಿ ಒಬ್ಬರಾದರೂ ವಿಚಾರ ಮಾಡಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಹೋದ ತಿಂಗಳು ನಾನು ನಲ್ಲಿಯ ಹತ್ತಿರ ಬಿದ್ದೆ. ಬಿದ್ದೆ ಅನ್ನುವುದಕ್ಕಿಂತ, ನೆಲವೇ ಎದ್ದು ಬಂದು ನನ್ನ ಮುಖಕ್ಕೆ ಹೊಡೆಯಿತು. ಮೊಣಕಾಲು ತರಚಿ, ಸೀರೆಯೆಲ್ಲ ನೆಂದು, ಕೊಡ ಒಂದು ಕಡೆ ನಾನೊಂದು ಕಡೆ. ಸೊಸೆ ಮೆಟ್ಟಿಲ ಬುಡಕ್ಕೆ ಓಡಿ ಕೂಗಿದಳು. "ಮಾವಾ, ಅತ್ತೆ ತಲೆ ಸುತ್ತಿ ಬಿದ್ದುಬಿಟ್ರು, ಸ್ವಲ್ಪ ಇಳಿದು ಬನ್ನಿ!" ನೀವು ಮೇಲಿನ ಗೋಡೆಯಾಚೆಗೆ ಕತ್ತು ಚಾಚಿದಿರಿ. ನಿಮ್ಮ ನರೆತ ತಲೆ ನನಗೆ ಕಾಣಿಸಿತು, ಅದೂ ಎರಡೆರಡಾಗಿ. ಆಗ ನಿಮ್ಮ ಬಾಯಿಂದ ಬಂದ ಮಾತು ಇದು: "ಯಾವ ಕಡೆಗೆ ಸುತ್ತುತ್ತಂತೆ ಕೇಳು. ಎಡಕ್ಕೋ, ಬಲಕ್ಕೋ?"

ಒಳಗಿನಿಂದ ನಿಮ್ಮ ಸಭೆಯ ಭೂಗೋಳದ ಮೇಷ್ಟ್ರು ಅದಕ್ಕೊಂದು ಬಾಲ ಸೇರಿಸಿದರು. "ನಿಂತಾಗಲೋ ಮಲಗಿದಾಗಲೋ, ಅದನ್ನೂ ಕೇಳಿಸಿ. ನಮ್ಮ ವಿಷಯಕ್ಕೆ ಬೇಕಾಗುತ್ತೆ."

ಆಮೇಲೆ ಕುರ್ಚಿ ಕಿರ್ರೆಂದಿತು. ನೀವು ಮತ್ತೆ ಕೂತಿರಿ ಅಂತ ಅರ್ಥ. ಒದ್ದೆ ನೆಲದ ಮೇಲೆ ಕೂತಿದ್ದ ನನಗೆ, ನೊಣ ಬಿದ್ದ ಹಾಲನ್ನು ಗಟಗಟ ಕುಡಿದ ಹಾಗಾಯಿತು. ಅವತ್ತಿನಿಂದ ನೀವು ಕೆಳಗೆ ಬಂದದ್ದು ಒಂದೇ ಸಲ, ದೊಡ್ಡ ಪಾತ್ರೆಯ ಮುಚ್ಚಳಕ್ಕೆ. ನಾನು ಗೋಡೆ ಹಿಡಿದು ನಿಂತಿದ್ದೆ. ನೀವು ಗೋಡೆಯನ್ನೂ ನೋಡಲಿಲ್ಲ, ಅದನ್ನು ಹಿಡಿದವಳನ್ನೂ ನೋಡಲಿಲ್ಲ. ಮುಚ್ಚಳವನ್ನು ಬೆಳಕಿಗೆ ಹಿಡಿದು, ಬೆರಳ ತುದಿಯಲ್ಲಿ ಒಮ್ಮೆ ತಿರುಗಿಸಿ, ಹೊರಟುಹೋದಿರಿ.

ಕೇಳಿದಿರಲ್ಲ, ಎಡಕ್ಕೋ ಬಲಕ್ಕೋ ಅಂತ. ಉತ್ತರ ಕೊಡುತ್ತೇನೆ. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳ ಉತ್ತರ ನಿಮ್ಮ ಸಭೆಗೆ ರುಚಿಸದಿದ್ದರೆ ಮೇಲಿಂದ ಬಿಸಾಡಿ. ಬಿಸಾಡುವುದರಲ್ಲಂತೂ ನಿಮ್ಮ ಕೈ ಪಳಗಿದೆ. ನನ್ನ ಹಿಟ್ಟು ಕಲಸುವ ಅಗಲದ ತಟ್ಟೆಯನ್ನು ಅದು ಗಾಳಿಯಲ್ಲಿ ಹೇಗೆ ವಾಲುತ್ತದೆ ನೋಡಲು ನೀವು ಮಾಳಿಗೆಯಿಂದ ಎಸೆದದ್ದು, ಅದು ಪಕ್ಕದ ಮನೆಯವರ ಒಣಹಾಕಿದ ಹಾಸಿಗೆಯ ಮೇಲೆ ಇಳಿದದ್ದು, ಆ ಹೆಂಗಸು ಅದನ್ನು ತಂದು ನನ್ನ ಕಾಲ ಬುಡಕ್ಕೆ ಕುಕ್ಕಿ "ನಿಮ್ಮ ಯಜಮಾನ್ರ ವಿಮಾನ ಬಿದ್ದಿದೆ, ತಗೊಳ್ಳಿ" ಅಂದದ್ದು, ಎಲ್ಲ ನೆನಪಿದೆ. ಈಗ ಆ ತಟ್ಟೆಯ ಅಂಚು ಸೊಟ್ಟ. ಹಿಟ್ಟು ಒಂದು ಕಡೆ, ಕೈ ಒಂದು ಕಡೆ.

ನಿಮ್ಮ ವಾದಗಳೆಲ್ಲ ಮೆಟ್ಟಿಲಿನಲ್ಲಿ ಉರುಳಿ ನನ್ನ ಅಡಿಗೆಮನೆಗೆ ಬರುತ್ತವೆ. ಬೇಡವೆಂದರೂ ನನಗೆ ಬಾಯಿಪಾಠವಾಗಿವೆ. ತಟ್ಟೆಯ ಹೊರಬಳೆ ಗಿರ್ರನೆ ಸುತ್ತುತ್ತದೆ, ಒಳಗಿನ ಕೋಣೆ ಅಲ್ಲಾಡದೆ ನಿಂತಿರುತ್ತದೆ, ಅದಕ್ಕೇ ಒಳಗಿರುವವರಿಗೆ ತಲೆ ತಿರುಗುವುದಿಲ್ಲ ಎನ್ನುವುದು ನಿಮ್ಮದು. ಇಡೀ ತಟ್ಟೆಯೇ ಸುತ್ತುತ್ತದೆ, ಒಳಗಿರುವವರಿಗೆ ನಮ್ಮಂಥ ತಲೆಯೇ ಇಲ್ಲ ಎನ್ನುವುದು ಮೇಷ್ಟ್ರದು. ಸುತ್ತುವುದೂ ಇಲ್ಲ ಗಿತ್ತುವುದೂ ಇಲ್ಲ, ಭೂಮಿಯೊಳಗಿನ ಅಯಸ್ಕಾಂತದ ಮೇಲೆ ಇಸ್ತ್ರಿಪೆಟ್ಟಿಗೆ ಜಾರಿದ ಹಾಗೆ ಜಾರುತ್ತದೆ ಎನ್ನುವುದು ಆ ಕೊಡೆ ರಿಪೇರಿಯವನದು. ಮೂವರೂ ಸೇರಿ ನಮ್ಮ ಕ್ಷೌರದಂಗಡಿಯ ತಿರುಗುವ ಕುರ್ಚಿಯನ್ನು ಮೇಲಕ್ಕೆ ಸಾಗಿಸಿದಿರಿ. ಒಬ್ಬರನ್ನು ಕೂರಿಸಿ, ಮುಖದ ಮೇಲೆ ನಾನು ಕುದಿಸಿ ಒಗೆದಿಟ್ಟ ಟವೆಲ್ ಹೊದಿಸಿ, ಗರಗರ ತಿರುಗಿಸಿ ನಿಲ್ಲಿಸಿ, "ಗಿರಣಿ ಚಿಮಣಿ ಯಾವ ಕಡೆ ಇದೆ ತೋರಿಸಿ" ಎಂದು ಕೇಳುತ್ತೀರಿ. ಮೇಷ್ಟ್ರು ತೋರಿಸುವ ಬದಲು ನನ್ನ ಹೂವಿನ ಕುಂಡದಲ್ಲಿ ವಾಂತಿ ಮಾಡಿದರು. ಆ ಗಿಡ ಅವತ್ತೇ ಬಾಡಿತು. ಅದಕ್ಕಾದರೂ ಮಾನವಿತ್ತು.

ನಿಮ್ಮ ಸಭೆಯವರು ಉಗಿದ ಮೆಟ್ಟಿಲು, ಕಪ್ಪಿನೊಳಗೆ ಅದ್ದಿ ಆರಿಸಿದ ಬೀಡಿ, ಕುರ್ಚಿಯ ತೋಳಿಗೆ ಒರೆಸಿದ ಮೂಗು, ಇವನ್ನೆಲ್ಲ ಸೊಸೆ ಕೆಲಸಕ್ಕೆ ಹೋಗುವ ಮುಂಚೆ ತೊಳೆಯುತ್ತಾಳೆ. ಅಂಗಡಿಯಲ್ಲಿ ಗಿರಾಕಿಗಳ ಕೂದಲು, ಕೊಳೆ, ಹೊಟ್ಟು ಎಲ್ಲ ಗುಡಿಸಿದವಳು ನಾನು. ಆಗ ಅಸಹ್ಯ ಅನ್ನಿಸಿರಲಿಲ್ಲ. ದುಡಿಮೆಯ ಕೊಳೆಯನ್ನು ತೊಳೆದರೆ ಕೈ ಶುದ್ಧವಾಗುತ್ತದೆ. ಸೋಮಾರಿಗಳ ಕೊಳೆಯನ್ನು ಎಷ್ಟು ಸಲ ತೊಳೆದರೂ ಕೈ ನಾರುತ್ತದೆ. ಜೀವಮಾನವೆಲ್ಲ ಊರವರ ತಲೆ ಬೋಳಿಸಿದಿರಿ, ಮುಪ್ಪಿನಲ್ಲಿ ಈ ಇಬ್ಬರು ಸೇರಿ ನಿಮ್ಮ ತಲೆ ಬೋಳಿಸುತ್ತಿದ್ದಾರೆ. ಲೆಕ್ಕ ಚುಕ್ತಾ.

ಇರಲಿ. ಕಿವಿ ಡಾಕ್ಟರಮ್ಮನ ಹತ್ತಿರ ಸೊಸೆ ಕರೆದುಕೊಂಡು ಹೋದಳು. ಚಿಕ್ಕ ವಯಸ್ಸಿನವಳು, ಉಗುರು ಕತ್ತರಿಸಿದ ಚೊಕ್ಕ ಕೈ. ನನ್ನನ್ನು ಕೂರಿಸಿಕೊಂಡು ಕೇಳಿದ ಮೊದಲ ಮಾತು ಏನು ಗೊತ್ತೇ? "ಅಜ್ಜೀ, ಯಾವ ಕಡೆ ಹೊರಳಿದ್ರೆ ಸುತ್ತುತ್ತೆ? ಎಡಕ್ಕಾ, ಬಲಕ್ಕಾ?" ನನಗೆ ನಗು ಬಂತು, ಜೊತೆಗೆ ವಾಂತಿಯೂ ಬಂತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅನುಕೂಲ ಈ ರೋಗದಲ್ಲಿಲ್ಲ. "ಇನ್ನು ಎರಡನೇ ಮಾತು ಕೇಳಮ್ಮ, ನಿಂತಾಗಲೋ ಮಲಗಿದಾಗಲೋ ಅಂತ," ಎಂದೆ. "ಅಯ್ಯೋ, ನಿಮಗೆ ಹೇಗೆ ಗೊತ್ತಾಯ್ತು?" ಎಂದಳು. ನೀವು ಕೇಳಿದ್ದು ಸರಿಯಾದ ಪ್ರಶ್ನೆಯೇ ಎಂದು ತಿಳಿದಾಗ ನನ್ನ ಹೇಸಿಗೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅವಳು ಕೇಳಿದ್ದು ನನ್ನನ್ನು ನೆಟ್ಟಗೆ ಮಾಡುವುದಕ್ಕೆ. ನೀವು ಕೇಳಿದ್ದು ತಟ್ಟೆಯನ್ನು ನೆಟ್ಟಗೆ ಮಾಡುವುದಕ್ಕೆ.

ಅವಳು ಬಿಡಿಸಿ ಹೇಳಿದಳು. ಕಿವಿಯ ಒಳಗೆ, ಎಲ್ಲಕ್ಕಿಂತ ಒಳಗೆ, ಮರಳಿನಂಥ ಸಣ್ಣ ಕಣಗಳಿವೆಯಂತೆ. ತಲೆ ವಾಲಿದರೆ ಅವು ವಾಲಿದ ಕಡೆಗೆ ಭಾರ ಬಿಡುತ್ತವೆ. ಮೇಲೆ ಯಾವುದು, ಕೆಳಗೆ ಯಾವುದು ಎಂದು ನಮಗೆ ತಿಳಿಯುವುದು ಅವುಗಳಿಂದ. ವಯಸ್ಸಾದಾಗ ಒಂದೆರಡು ಕಣ ಕಿತ್ತುಕೊಂಡು, ಹೋಗಬಾರದ ಓಣಿಗೆ ಹೋಗಿ ಸೇರುತ್ತವೆ. ಹೊರಳಿದಾಗಲೆಲ್ಲ ಅಲ್ಲಿ ಉರುಳುತ್ತವೆ. ಕಣ ಉರುಳಿದರೆ ಮನೆಯೇ ಉರುಳಿದ ಹಾಗೆ ಕಾಣುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕುಣಿಯಲು ಹೋಗಿರಲಿಲ್ಲ, ನೀರು ಹಿಡಿಯಲು ಹೋಗಿದ್ದೆ. ನನಗೆ ನೆಲ ನಿಜವಾಗಿಯೂ ಡೊಂಕಾಗಿದೆ.

ಅವಳು ಹೇಳುತ್ತಿದ್ದ ಹಾಗೆ ನನಗೆ, ಹಾಳಾಗಿ ಹೋಗಲಿ, ನಿಮ್ಮ ತಟ್ಟೆಯೇ ನೆನಪಾಯಿತು. ಮಾಳಿಗೆಯ ಮೇಲೆ ಇಷ್ಟು ವರ್ಷ ಕುರ್ಚಿ ತಿರುಗಿಸಿದವರಿಗೆ ಹೊಳೆಯದ್ದು ಹೇಳಲೇ? ನನ್ನ ಊರ ಶಾಲೆಯ ಮೇಷ್ಟ್ರು ದಿಕ್ಕು ಕಲಿಸುವಾಗ ಮೊದಲು ಬಿಸಿಲಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಹುಟ್ಟುವ ಸೂರ್ಯನಿಗೆ ಮುಖ ಕೊಟ್ಟು ನಿಂತರೆ ಎಡಗೈ ಉತ್ತರ, ಬಲಗೈ ದಕ್ಷಿಣ. ಮೊದಲು ಮುಖ, ಆಮೇಲೆ ಎಡ ಬಲ. ತಟ್ಟೆಗೆ ಮುಖ ಎಲ್ಲಿದೆ? ಬೆನ್ನು ಎಲ್ಲಿದೆ? ಬಸ್ಸಿಗೆ ಮೂತಿಯಿದೆ, ಹಕ್ಕಿಗೆ ಕೊಕ್ಕಿದೆ, ಅವು ತಿರುಗಬೇಕಾಗುತ್ತದೆ. ತಟ್ಟೆ ಯಾಕೆ ತಿರುಗಬೇಕು? ಯಾವ ಕಡೆಗೆ ಹೋದರೂ ಅದಕ್ಕೆ ಅದೇ ಮುಂದೆ. ಅದಕ್ಕೆ ಎಡ ಬಲದ ಹಂಗಿಲ್ಲ. ಮೇಲೆ ಕೆಳಗೆ ಇಷ್ಟು ಗೊತ್ತಾದರೆ ಸಾಕು. ಅದರ ಅಂಚಿನೊಳಗೂ ನನ್ನ ಕಿವಿಯಲ್ಲಿರುವಂಥ ಕಣಗಳಿರಬೇಕು. ವಾಲಿದ ಕಡೆಗೆ ಕಣ ಸೇರುತ್ತದೆ, ಕಣ ಸೇರಿದ ಕಡೆಗೆ ತಟ್ಟೆ ಸಾಗುತ್ತದೆ. ಸುತ್ತುವುದು ಗಿತ್ತುವುದು ಏನೂ ಇಲ್ಲ. ಸುತ್ತುವುದು ಕಾಯಿಲೆ ಬಿದ್ದ ತಟ್ಟೆ.

ಇದನ್ನು ನಾನು ಬರೀ ಊಹೆಯಿಂದ ಹೇಳುತ್ತಿಲ್ಲ. ನಾನೂ ಅದನ್ನು ನೋಡಿದ್ದೇನೆ.

ಹೌದು, ನೋಡಿದ್ದೇನೆ. ಬುಟ್ಟಿಯನ್ನು ಕೈಬಿಡಬೇಡಿ, ತಟ್ಟೆ ಬಿದ್ದೀತು. ನೀವು ತಟ್ಟೆ ಕಂಡ ದಿನ ಮಧ್ಯಾಹ್ನ ಅಂಗಡಿಯಲ್ಲಿ ಇದ್ದವರು ಮೂವರು. ಕುರ್ಚಿಯಲ್ಲಿ ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿದ್ದ ಬ್ರೆಡ್ಡಿನ ಅಂಗಡಿಯವನು, ಅವನ ಹಿಂದೆ ಕತ್ತಿ ಹಿಡಿದ ನೀವು, ಬಾಗಿಲಲ್ಲಿ ಟವೆಲ್ ಹಿಂಡುತ್ತಿದ್ದ ನಾನು. ನಿಮ್ಮ ಕೈ ಒಮ್ಮೆಲೇ ಅದುರಿತು. ಜೀವನದಲ್ಲಿ ಮೊದಲ ಸಲ ಗಿರಾಕಿಯ ರಕ್ತ ಬಂತು. ಪಟಿಕ ಒತ್ತಿ ನಿಲ್ಲಿಸಿದವಳು ನಾನೇ. ಇವತ್ತಿಗೂ ಅವನ ಕೆನ್ನೆಯ ಮೇಲೆ ಗೆರೆಯಿದೆ. ಆಮೇಲೆ ಕೇಳಲು ಬಂದವರಿಗೆಲ್ಲ ನೀವು ಕಥೆ ಹೇಳಿದಿರಿ. ಯಾರೋ ಒಬ್ಬರು ನನ್ನ ಕಡೆ ತಿರುಗಿ "ನೀವೂ ನೋಡಿದ್ರಾ ಅಮ್ಮಾ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ನೀವೇ ಅಂದಿರಿ: "ಅವಳು ಟವೆಲ್ ಹಿಂಡ್ತಿದ್ಳು. ಅವಳಿಗೇನು ಗೊತ್ತು?" ಎಲ್ಲರೂ ನಕ್ಕರು. ನಾನು ಬಾಯಿ ಮುಚ್ಚಿದೆ. ಆ ಬಾಯಿಯನ್ನು ಈಗ ತೆರೆಯುತ್ತಿದ್ದೇನೆ. ಇಷ್ಟು ವರ್ಷ ಒಳಗಿದ್ದದ್ದು ಹಳಸಿ ನಾರುತ್ತಿದ್ದರೆ ತಪ್ಪು ನನ್ನದಲ್ಲ.

ರೀ, ನೀವು ಅದನ್ನು ನೋಡಿದ್ದು ಕನ್ನಡಿಯಲ್ಲಿ.

ಬೀದಿಗೆ ಬೆನ್ನು ಕೊಟ್ಟು, ಕನ್ನಡಿಗೆ ಮುಖ ಕೊಟ್ಟು ನಿಂತಿದ್ದಿರಿ. ಬಾಗಿಲಿನ ಮೇಲಿನ ಒಂದು ತುಂಡು ಆಕಾಶ ನಿಮ್ಮ ಕನ್ನಡಿಯಲ್ಲಿತ್ತು. ಆ ತುಂಡಿನಲ್ಲಿ ಅದು ನಿಮ್ಮ ಎಡಗೈ ಕಡೆಗೆ ಹೋಯಿತು. ಸರಿಯೇ. ಆಮೇಲೆ ನೀವು ಬೀದಿಗೆ ಓಡಿ ಬಂದು, ಬೀದಿಗೆ ಮುಖ ಮಾಡಿ, ಮತ್ತೆ ಎಡಗೈ ತೋರಿಸಿದಿರಿ! ಎಡಕ್ಕೆ ಗಿರಣಿಯ ಚಿಮಣಿ. ನಾನು ಬಾಗಿಲಲ್ಲಿ ನಿಂತು ಬರಿಗಣ್ಣಿನಿಂದ ನೋಡಿದ್ದು ಅದು ನೀರಿನ ಟ್ಯಾಂಕಿನ ಕಡೆಗೆ, ನನ್ನ ಬಲಕ್ಕೆ ಹೋದದ್ದನ್ನು. ನಿಮಗೆ ಇದು ಹೊಸದಲ್ಲ. ಬದುಕೆಲ್ಲ ಕನ್ನಡಿಯಲ್ಲೇ ಬೀದಿ ನೋಡಿದವರು ನೀವು. ದಾರಿ ಕೇಳಿದವರನ್ನು ಸದಾ ತಿರುಗುಮುರುಗು ಕಳಿಸುತ್ತಿದ್ದಿರಿ. ಅಂಚೆಯವನು ಒಮ್ಮೆ "ಇವ್ರು ಎಡ ಅಂದ್ರೆ ನಾನು ಬಲಕ್ಕೆ ಹೋಗ್ತೀನಿ, ಮನೆ ಸಿಕ್ಕೇ ಸಿಗುತ್ತೆ" ಎಂದಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ನೀವು ಆಕಾಶಕ್ಕೂ ಕನ್ನಡಿ ಹಿಡಿದಿರಿ.

ಅಂದರೆ ಮಾಳಿಗೆಯ ಮೇಲೆ ಇಷ್ಟು ವರ್ಷ, ಚಿಮಣಿಯ ಕಡೆಗೆ ಕುರ್ಚಿ ಹಾಕಿಕೊಂಡು, ಮಸಿ ಕುಡಿಯುತ್ತ, ತಪ್ಪು ಕಡೆಯ ಆಕಾಶವನ್ನು ಕಾದಿದ್ದೀರಿ. ಅದು ಎಡಕ್ಕೆ ಹೇಗೆ ತಿರುಗಿತು ಎಂದು ಮೇಷ್ಟ್ರ ಜೊತೆ ಬಾಯಿ ಒಣಗುವಷ್ಟು ಜಗಳವಾಡಿದ್ದೀರಿ. ಅದು ತಿರುಗಲೇ ಇಲ್ಲ. ನಾನು ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ. ಉಜ್ಜಿ ತೊಳೆದ ಬೋಗುಣಿಯಂತೆ ಹೊಳೆಯುತ್ತ ನಿಂತಿತ್ತು. ಸುತ್ತುತ್ತಿರಲಿಲ್ಲ, ಸದ್ದಿರಲಿಲ್ಲ. ಆಮೇಲೆ ಒಂದು ಪಕ್ಕಕ್ಕೆ ಸ್ವಲ್ಪ, ಸ್ವಲ್ಪವೇ ಸ್ವಲ್ಪ, ವಾಲಿತು. ನೀವು ಗಿರಾಕಿಯ ಗದ್ದದ ಕೆಳಗೆ ಎರಡು ಬೆರಳಿಟ್ಟು ಮುಖವನ್ನು ಬೆಳಕಿಗೆ ವಾಲಿಸುತ್ತಿದ್ದಿರಲ್ಲ, ಥೇಟ್ ಹಾಗೆ. ಯಾರೋ ಮೇಲೆ ನಿಂತು ಎರಡು ಬೆರಳಿನಲ್ಲಿ ವಾಲಿಸಿದ ಹಾಗೆ. ವಾಲಿದ ಕಡೆಗೆ ಜಾರಿ ಹೋಯಿತು. ಅಷ್ಟೇ. ಅದು ಏನು, ಯಾರದು, ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನಾನು ಟವೆಲ್ ಹಿಂಡಿ ಮುಗಿಸಿದೆ.

ಈಗ ನನ್ನ ಕಾಯಿಲೆಯ ಮಾತಿಗೆ ಬರುತ್ತೇನೆ. ಇದಕ್ಕೆ ಮಾತ್ರೆಯಿಲ್ಲವಂತೆ. ಹಾಸಿಗೆಯ ಮೇಲೆ ಕೂರಿಸಿ, ತಲೆಯನ್ನು ಕೆಟ್ಟ ಕಿವಿಯ ಕಡೆಗೆ ತಿರುಗಿಸಿ, ಹಾಗೇ ಹಿಂದಕ್ಕೆ ಮಲಗಿಸಿ, ಸುತ್ತು ನಿಲ್ಲುವವರೆಗೂ ಹಿಡಿದುಕೊಂಡು, ಆಮೇಲೆ ಮೆಲ್ಲಗೆ ಇನ್ನೊಂದು ಕಡೆಗೆ ತಿರುಗಿಸಿ, ಪಕ್ಕಕ್ಕೆ ಹೊರಳಿಸಿ ಎಬ್ಬಿಸಬೇಕು. ತಪ್ಪು ಓಣಿಗೆ ಹೋದ ಕಣ ಉರುಳಿ ತನ್ನ ಜಾಗಕ್ಕೆ ಮರಳುತ್ತದೆ. ಡಾಕ್ಟರಮ್ಮ ಒಮ್ಮೆ ಮಾಡಿದಳು, ಮನೆ ನಿಂತಿತು. ಕೆಲವು ದಿನ ಬಿಟ್ಟು ಮತ್ತೆ ಶುರುವಾಯಿತು. ಕೆಲವರಿಗೆ ಹೀಗೆ ಮರಳಿ ಬರುತ್ತದೆ, ಮನೆಯವರೇ ಕಲಿತುಕೊಳ್ಳಲಿ ಎಂದು ಅವಳು ಸೊಸೆಗೆ ತೋರಿಸಿಕೊಟ್ಟಳು.

ಸೊಸೆ ಬಂಗಾರದಂಥ ಹುಡುಗಿ. ಆದರೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಎದುರಿಗೆ ನಿಂತವರ ಮುಖ ನೋಡಿಯೇ ಅವಳ ಕೆಲಸ. ನನ್ನ ಮುಂದೆ ನಿಂತು, ತನ್ನ ಎಡವನ್ನೇ ನನ್ನ ಎಡ ಅಂದುಕೊಂಡು, ತಲೆಯನ್ನು ಒಳ್ಳೆಯ ಕಿವಿಯ ಕಡೆಗೆ ತಿರುಗಿಸಿ ಕೆಡವಿದಳು. ನಾನು ಚೀರಿದೆ, ಅವಳೂ ಚೀರಿ ಕೈಬಿಟ್ಟಳು. ಅವಳ ಕೆಲಸದ ಬಟ್ಟೆಯೆಲ್ಲ ನನ್ನ ವಾಂತಿ. ಪಾಪದ್ದು, ಅತ್ತುಬಿಟ್ಟಿತು. "ಅತ್ತೇ, ನನ್ನ ಕೈಲಿ ಇನ್ನೊಂದ್ಸಲ ಆಗಲ್ಲ." ಮಗನಿಗೆ ಹೇಳೋಣವೆಂದರೆ ಲಾರಿ ಹತ್ತಿ ಹೋದವನು ಬರುವುದು ಯಾವತ್ತೋ.

ಮಗಳಿಗೆ ಸುದ್ದಿ ಮುಟ್ಟಿದೆ. ನಾಳೆ ಬೆಳಿಗ್ಗೆ ಗಾಡಿ ತರುತ್ತಾಳೆ. "ಅಮ್ಮಾ, ಅಪ್ಪನಿಗೆ ಆಕಾಶ ಇದೆ, ನಿನಗೆ ಯಾರಿದ್ದಾರೆ? ಇಲ್ಲಿಗೆ ಬಂದ್ಬಿಡು" ಎನ್ನುತ್ತಾಳೆ. ಸೀರೆಗಳನ್ನು ಮಡಿಸಿಟ್ಟಿದ್ದೇನೆ. ಬಗ್ಗಿದರೆ ಸುತ್ತುವುದರಿಂದ ಪೆಟ್ಟಿಗೆ ಕಟ್ಟಿಲ್ಲ. ಹೋದರೆ ಮರಳಿ ಬರುವ ಮಾತಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ನನ್ನನ್ನು ಹುಡುಕಿಕೊಂಡು ಬರುವವರು ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೋಗುವವರು.

ಹೋಗುವ ಮುಂಚೆ ಒಂದು ಮಾತು ಕೇಳಿ. ನಿಮ್ಮ ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ. ಕಣ್ಣಿನ ಮೇಲಂತೂ ಮೊದಲೇ ಇಲ್ಲ. ಆದರೆ ನಿಮ್ಮ ಕೈ ಇದೆಯಲ್ಲ, ಅದರ ಬಗ್ಗೆ ಕೆಟ್ಟದ್ದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಅಳುವ ಕೂಸುಗಳು ನಿಮ್ಮ ಕತ್ತರಿಯ ಕೆಳಗೆ ನಿದ್ದೆ ಹೋಗುತ್ತಿದ್ದವು. ಯಾರನ್ನೂ ಹತ್ತಿರ ಬಿಡದ ಆ ಬೀದಿಯ ಹುಚ್ಚ ನಿಮಗೆ ಕತ್ತು ಒಡ್ಡಿ ಕೂರುತ್ತಿದ್ದ. ಮೊದಲ ಹೆರಿಗೆಯ ನಂತರದ ಜ್ವರದಲ್ಲಿ ನನ್ನ ಕೂದಲು ಗಂಟುಗಂಟಾಗಿ, ಕತ್ತರಿಸಿ ಬಿಸಾಡಿ ಎಂದು ಎಲ್ಲರೂ ಅಂದಾಗ, ನೀವು ಅಂಗಡಿ ಮುಚ್ಚಿ ಬಂದು ನನ್ನ ಹಿಂದೆ ಕೂತಿರಿ. ಗದ್ದಕ್ಕೆ ಎರಡು ಬೆರಳಿಟ್ಟು ತಲೆಯನ್ನು ವಾಲಿಸಿ, "ಹೀಗೇ ಇರು, ಅಲ್ಲಾಡ್ಬೇಡ, ನಾನು ಹಿಡ್ಕೊಂಡಿದೀನಿ" ಎಂದು ಒಂದೊಂದೇ ಗಂಟು ಬಿಡಿಸಿದಿರಿ. ಒಂದು ಎಳೆಯೂ ನೋಯಲಿಲ್ಲ. ಆ ಮನುಷ್ಯ ಎಲ್ಲಿಗೆ ಹಾರಿಹೋದ ಎಂದು ನಾನೂ ಒಂದು ಕಡೆಯ ಆಕಾಶವನ್ನು ಕಾಯುತ್ತಿದ್ದೇನೆ. ಸರಿಯಾದ ಕಡೆಯೋ ತಪ್ಪು ಕಡೆಯೋ, ಇವತ್ತು ತಿಳಿಯುತ್ತದೆ.

ಕೆಟ್ಟಿರುವುದು ನನ್ನ ಎಡಗಿವಿ. ಡಾಕ್ಟರಮ್ಮ ಹೇಳಿದ್ದಾಳೆ, ಮಾಡುವವರು ಹಿಂದೆ ನಿಲ್ಲಬೇಕು. ಗಿರಾಕಿಯ ಹಿಂದೆ ನೀವು ನಿಂತ ಹಾಗೆ. ಹಿಂದೆ ನಿಂತವರಿಗೆ ನನ್ನ ಎಡವೇ ತಮ್ಮ ಎಡ, ತಪ್ಪಲು ಜಾಗವಿಲ್ಲ. ಕೋಣೆಯ ಕನ್ನಡಿಯನ್ನು ತೆಗೆಸಿ ಗೋಡೆಗೆ ತಿರುಗಿಸಿ ಇಡಿಸಿದ್ದೇನೆ. ಹಾಸಿಗೆಯನ್ನು ಕಿಟಕಿಯ ಹತ್ತಿರ ಎಳೆಸಿದ್ದೇನೆ, ಬೆಳಕು ನಿಮಗೆ ಸರಿಯಾಗಿ ಬೀಳುತ್ತದೆ.

ಉಂಡಾದ ಮೇಲೆ ತಟ್ಟೆಯನ್ನು ಬುಟ್ಟಿಯಲ್ಲಿ ಇಳಿಸಬೇಡಿ. ನೀವೇ ಹಿಡಿದುಕೊಂಡು ಇಳಿಯಿರಿ. ಮೆಟ್ಟಿಲ ಮೇಲೆ ನಿಮ್ಮವರ ಎಂಜಲಿದೆ, ನೋಡಿಕೊಂಡು ಕಾಲಿಡಿ. ಕೈಯನ್ನು ಸೋಪು ಹಚ್ಚಿ ತೊಳೆದುಕೊಳ್ಳಿ, ಆ ಬೀಡಿಯ ನಾತದ ಬೆರಳು ನನ್ನ ಗದ್ದ ಮುಟ್ಟುವುದು ಬೇಡ. ಕ್ಷಮೆ ಕೇಳಬೇಡಿ, ವಿವರಣೆ ಕೊಡಬೇಡಿ, ತಟ್ಟೆಯ ಮಾತು ಎತ್ತಬೇಡಿ. ಆ ಒಂದೇ ಮಾತು ಹೇಳಿದರೆ ಸಾಕು, ನಾನು ಅಲ್ಲಾಡುವುದಿಲ್ಲ.

ಖಾಲಿ ತಟ್ಟೆ ಹಗ್ಗದಲ್ಲಿ ಇಳಿದು ಬಂದರೆ, ಅದನ್ನೂ ತೊಳೆದು ಕವುಚಿಟ್ಟು ನಾಳೆ ಗಾಡಿ ಹತ್ತುತ್ತೇನೆ.

ನಿಮ್ಮ ಆಕಾಶ ನಿಮಗೆ ತಿಳಿಯಾಗಿರಲಿ, ನನ್ನ ನೆಲ ನನಗೆ ನಿಲ್ಲಲಿ.

ಇಂತಿ,
ಟವೆಲ್ ಹಿಂಡುತ್ತಿದ್ದವಳು